ಖುದಾ, ಜುದಾ ಮತ್ತು ಒಂದು ಚುಕ್ಕೆ

ಚಿಂಚೋಳಿಯ ಮಗ್ಗುಲಿನ ಚಂದಾಪುರದಲ್ಲಿ ಜನ ಇಂದಿಗೂ ಆಡುವ ದಸ್ತಾವೇಜು, ಜಮೀನು, ತಹಸೀಲು ಮೊದಲಾದ ಮಾತುಗಳು ಹಳೆಯ ಆಡಳಿತದ ಗುರುತುಗಳು. 1948ರ ಸೆಪ್ಟೆಂಬರಿನವರೆಗೆ ಈ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಕಚೇರಿಯ ಭಾಷೆ ಉರ್ದು. ಲಿಪಿ ಅರಬ್ಬೀ ಮೂಲದ್ದು. ಅದನ್ನು ಓದಲಾರದ ಕನ್ನಡ ರೈತನು ತನ್ನ ಹೊಲದ ಕಾಗದವನ್ನು ಪರರ ಬಾಯಿಂದಲೇ ಕೇಳಬೇಕಾಗಿತ್ತು. ಓದಿ ಹೇಳಿದವನ ಪ್ರಾಮಾಣಿಕತೆಯೇ ಅವನಿಗೆ ಆಧಾರ.

ಆ ಲಿಪಿಯಲ್ಲಿ ಚುಕ್ಕೆಯ ಅಧಿಕಾರ ದೊಡ್ಡದು. ಒಂದೇ ಮೈಕಟ್ಟಿನ ಅಕ್ಷರಕ್ಕೆ ಚುಕ್ಕೆಯನ್ನು ಮೇಲಿಟ್ಟರೆ ‘ಖ’, ಕೆಳಗಿಟ್ಟರೆ ‘ಜ’. ‘ಖುದಾ’ ಎಂದರೆ ದೇವರು. ಚುಕ್ಕೆ ಕೆಳಗಿಳಿದರೆ ‘ಜುದಾ’, ಅಂದರೆ ಅಗಲಿದವನು. ನುಕ್ತೆ ತಪ್ಪಿದರೆ ದೇವರೂ ದೂರವಾದಾನೆಂಬ ಉರ್ದು ನಾಣ್ಣುಡಿಗೆ ಇದೇ ಮೂಲ. ಮೇಲಾಗಿ ಅಕ್ಷರವು ಪದದ ಆದಿ, ಮಧ್ಯ, ಅಂತ್ಯಗಳಲ್ಲಿ ಬೇರೆ ಬೇರೆ ರೂಪ ತಾಳುತ್ತದೆ. ನಸ್ತಾಲೀಕ್ ಶೈಲಿಯಲ್ಲಿ ಪದವೇ ಓರೆಯಾಗಿ ಇಳಿಯುತ್ತದೆ. ಅಚ್ಚಿನ ಮೊಳೆಗಳಿಗೆ ಇದು ಸುಲಭವಾಗಿ ಒಗ್ಗಲಿಲ್ಲ. ಆದುದರಿಂದ ಉರ್ದು ಪತ್ರಿಕೆಗಳನ್ನು ಬಹುಕಾಲ ಕಾತಿಬರೆಂಬ ಲಿಪಿಕಾರರು ಕೈಯಿಂದಲೇ ಬರೆಯುತ್ತಿದ್ದರು. 1981ರಲ್ಲಿ ಪಾಕಿಸ್ತಾನದ ಮಿರ್ಜಾ ಅಹಮದ್ ಜಮೀಲರು ಸಾವಿರಾರು ಕೂಡಕ್ಷರಗಳನ್ನು ರಚಿಸಿ, ಮಾನೋಟೈಪ್ ಕಂಪೆನಿಯ ನೆರವಿನಿಂದ ‘ನೂರಿ ನಸ್ತಾಲೀಕ್’ ಎಂಬ ಹೆಸರಿನಲ್ಲಿ ಕಂಪ್ಯೂಟರಿಗೆ ತಂದರು.

1991ರಲ್ಲಿ ಬಂದ ಯೂನಿಕೋಡ್ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಟ್ಟಿತು. ರೂಪ ಕಣ್ಣಿಗೆ, ಸಂಖ್ಯೆ ಯಂತ್ರಕ್ಕೆ. ಹೊಸ ಅಪಾಯವಿರುವುದು ಇಲ್ಲಿಯೇ. ಅರಬ್ಬಿಯ ‘ಯೆ’ಗೂ ಉರ್ದುವಿನ ‘ಯೆ’ಗೂ ಸಂಖ್ಯೆ ಬೇರೆ, ಪದದ ನಡುವೆ ರೂಪ ಮಾತ್ರ ಒಂದೇ. ನಮ್ಮ ‘ಅ’ಕಾರವನ್ನೂ ನೆರೆಯ ತೆಲುಗಿನ ‘ಅ’ಕಾರವನ್ನೂ ಕಣ್ಣು ಒಂದೆನ್ನುತ್ತದೆ, ಯಂತ್ರ ಎರಡೆನ್ನುತ್ತದೆ. ಇಸ್ರೇಲಿನ ಗ್ಯಾಬ್ರಿಲೋವಿಚ್ ಮತ್ತು ಗೊಂಟ್‌ಮಾಖರ್ ಎಂಬಿಬ್ಬರು ರಷ್ಯನ್ ಅಕ್ಷರಗಳನ್ನು ಬೆರೆಸಿ ಮೈಕ್ರೋಸಾಫ್ಟಿನ ವಿಳಾಸದಂತೆಯೇ ತೋರುವ ಇನ್ನೊಂದು ವಿಳಾಸವನ್ನು ನೋಂದಾಯಿಸಿ, ಈ ಮೋಸದ ಬಗೆಯನ್ನು 2002ರಲ್ಲಿ ಲೋಕಕ್ಕೆ ತಿಳಿಸಿದರು. ಇಂಥ ಬೆರಕೆಯನ್ನು ತಡೆಯುವ ನಿಯಮಗಳು ಬಳಿಕ ಬಂದವು. ಆದರೂ ಇಂಗ್ಲಿಷಿನ ‘ಆರ್’, ‘ಎನ್’ ಎಂಬೆರಡು ಚಿಕ್ಕಕ್ಷರಗಳನ್ನು ಒತ್ತಟ್ಟಿಗಿಟ್ಟು ‘ಎಮ್’ ಎಂದು ತೋರಿಸುವ ವಂಚಕರಿಗೆ ಯಾವ ಪರಲಿಪಿಯೂ ಬೇಡ.

ಕರ್ನಾಟಕದ ಭೂದಾಖಲೆಗಳು 2000ದ ಸುಮಾರಿಗೆ ‘ಭೂಮಿ’ ಯೋಜನೆಯಿಂದ ಕಂಪ್ಯೂಟರಿಗೆ ಏರಿದವು. ಈಗ ಪಹಣಿ ಕನ್ನಡದಲ್ಲಿದೆ. ಓದಿ ಹೇಳುವವನ ಹಂಗಿಲ್ಲ. ಆದರೆ ಅಜ್ಜನು ಅಕ್ಷರ ಬಾರದೆ ಮೋಸಹೋಗಬಹುದಾಗಿದ್ದರೆ, ಮೊಮ್ಮಗನು ಅಕ್ಷರ ಬಲ್ಲೆನೆಂಬ ಧೈರ್ಯದಿಂದಲೇ ಮೋಸಹೋದಾನು. ಮೊಬೈಲಿಗೆ ಬಂದ ಕೊಂಡಿಯನ್ನು ಒತ್ತದೆ, ಬ್ಯಾಂಕಿನ ವಿಳಾಸವನ್ನು ತಾನೇ ಬರೆದು ತೆರೆಯುವುದು ಕ್ಷೇಮ; ಹಣ ಹೋದರೆ ತಡಮಾಡದೆ 1930ಕ್ಕೆ ಕರೆಮಾಡಬೇಕು. ಅಕ್ಷರಜ್ಞಾನದ ಜೊತೆಗೆ ಅಕ್ಷರದ ಮೇಲೆ ತುಸು ಅನುಮಾನವೂ ಇರಬೇಕಾದ ಕಾಲವಿದು.