ಮಿದುಳಿನ ಅರ್ಬುದದ ಪ್ರಸರಣ: ಪ್ರಯೋಗಶಾಲೆಯ ಮಾದರಿಗಳ ಒಂದು ಸಮೀಕ್ಷೆ

1928ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿಯವರು, ಗ್ಲಯೋಮಾ ಎಂಬ ಅರ್ಬುದದ ದೆಸೆಯಿಂದ ಆಗಲೇ ಎಡಮೈಯ ಸ್ವಾಧೀನವನ್ನು ಕಳೆದುಕೊಂಡಿದ್ದ ರೋಗಿಗಳಲ್ಲಿ, ಗೆಡ್ಡೆಯನ್ನು ಮಾತ್ರವಲ್ಲದೆ ಮಿದುಳಿನ ಬಲ ಅರ್ಧಗೋಳವನ್ನೇ ತೆಗೆದುಹಾಕಿದ ಚಿಕಿತ್ಸೆಯನ್ನು ವರದಿ ಮಾಡಿದರು. ವ್ಯಾಧಿಯನ್ನು ನಿರ್ಮೂಲ ಮಾಡಬೇಕೆಂಬ ಸಂಕಲ್ಪವು ಇದಕ್ಕಿಂತ ದೂರ ಹೋಗಲಾರದು; ಆದರೂ ಅರ್ಬುದವು ಮರಳಿ ತಲೆದೋರಿತು. ಕಣ್ಣಿಗೆ ಕಾಣುವ ಗೆಡ್ಡೆಯ ಎಲ್ಲೆಯೇ ವ್ಯಾಧಿಯ ಎಲ್ಲೆಯಲ್ಲ, ಶಸ್ತ್ರವು ಮುಟ್ಟುವ ಮೊದಲೇ ಕೆಲವು ಕೋಶಗಳು ಬಹುದೂರ ಸಾಗಿಬಿಟ್ಟಿರುತ್ತವೆ ಎಂಬ ಕಠೋರ ಸತ್ಯವು ಇಂತಹ ಅನುಭವಗಳಿಂದ ವೈದ್ಯಲೋಕಕ್ಕೆ ಮನದಟ್ಟಾಯಿತು.

ಆ ಕೋಶಗಳು ಹಿಡಿಯುವ ದಾರಿಯನ್ನು ಕ್ರಮಬದ್ಧವಾಗಿ ವಿವರಿಸಿದವರು ಬೆಲ್ಜಿಯಮ್ಮಿನ ಆಂಟ್‌ವರ್ಪ್‌ನಲ್ಲಿದ್ದ ಹಾನ್ಸ್ ಯೋಆಖಿಮ್ ಶೆರರ್. ಮೃತರ ಮಿದುಳುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಅವರು 1938ರಲ್ಲಿ ಬರೆದ ಪ್ರಬಂಧದಿಂದ, ಅರ್ಬುದದ ಕೋಶಗಳು ಮನಬಂದಂತೆ ಚದುರದೆ, ರಕ್ತನಾಳಗಳ ಹೊರಮೈಯನ್ನೋ ಶ್ವೇತದ್ರವ್ಯದ ನರತಂತುಗಳ ಕಟ್ಟುಗಳನ್ನೋ ನರಕೋಶಗಳ ಸುತ್ತಣ ಎಡೆಯನ್ನೋ ಮಿದುಳ ಪೊರೆಯ ಕೆಳಗಿನ ಪದರವನ್ನೋ ಅನುಸರಿಸಿಯೇ ಹಬ್ಬುತ್ತವೆಂದು ತಿಳಿದುಬಂದಿತು. ಇತರ ಅಂಗಗಳ ಕ್ಯಾನ್ಸರು ರಕ್ತದಲ್ಲಿ ಬೆರೆತು ದೂರದ ಅವಯವಗಳನ್ನು ಸೇರುವುದುಂಟಷ್ಟೆ. ಗ್ಲಯೋಮಾ ಹಾಗೆ ತಲೆಬುರುಡೆಯನ್ನು ದಾಟುವುದು ಅತಿ ವಿರಳ, ಅದರ ಸಂಚಾರವೆಲ್ಲ ಮಿದುಳಿನೊಳಗೇ. ಆದರೆ ಮೃತನ ಮಿದುಳಿನಲ್ಲಿ ಕಾಣುವುದು ಸಂಚಾರದ ಕೊನೆಯ ಸ್ಥಿತಿಯೇ ಹೊರತು ಸಂಚಾರವಲ್ಲ. ಜೀವಂತ ಮನುಷ್ಯನ ಮಿದುಳಿನಲ್ಲಿ ಒಂದೊಂದು ಕೋಶವನ್ನೂ ಹಿಂಬಾಲಿಸುವುದು ಸಾಧ್ಯವಲ್ಲ. ಆದಕಾರಣ ಮಾದರಿಗಳು ಬೇಕಾದವು. ಅವುಗಳ ಇತಿಹಾಸವನ್ನು ಆದ್ಯಂತವಾಗಿ ಅವಲೋಕಿಸಿದರೆ, ಅರ್ಬುದದ ಕೋಶವನ್ನು ಮೊದಲು ಮಿದುಳಿನಿಂದ ಬೇರ್ಪಡಿಸಿ, ಹಾಗೆ ದೂರವಿರಿಸಿದ್ದ ಮಿದುಳನ್ನು ತರುವಾಯ ಅಂಶಾಂಶವಾಗಿ ಮರಳಿ ಕರೆತಂದುದೇ ಈ ಶಾಸ್ತ್ರದ ಕಥೆಯೆಂಬುದು ವಿಶದವಾಗುತ್ತದೆ.

1939ರಲ್ಲಿ ಸೆಲಿಗ್‌ಮನ್ ಮತ್ತು ಷಿಯರ್ ಎಂಬವರು ಮೀಥೈಲ್‌ಕೊಲಾಂತ್ರೀನ್ ಎಂಬ ರಾಸಾಯನಿಕದ ಗುಳಿಗೆಯನ್ನು ಸುಂಡಿಲಿಯ ಮಿದುಳಿನಲ್ಲಿ ನೆಟ್ಟು ಅರ್ಬುದವನ್ನು ಹುಟ್ಟಿಸಿದರು. ಇಂದಿಗೂ ಬಳಕೆಯಲ್ಲಿರುವ ಜಿಎಲ್‌261 ಎಂಬ ಕೋಶಸಂತತಿಯ ಮೂಲ ಅದೇ. 1968ರಲ್ಲಿ ಇಲಿಯ ಅರ್ಬುದದಿಂದ ಸಿ6 ಎಂಬ ಸಂತತಿಯು ಸಿದ್ಧವಾಯಿತು. ಅದೇ ದಶಕದಲ್ಲಿ ಸ್ವೀಡನ್ ದೇಶದ ಉಪ್ಸಾಲದಲ್ಲಿ ಯಾನ್ ಪೊಂಟೆನ್ ಅವರು ರೋಗಿಗಳ ಗೆಡ್ಡೆಗಳಿಂದ ಕೋಶಗಳನ್ನು ತೆಗೆದು ತಟ್ಟೆಗಳಲ್ಲಿ ಬೆಳೆಸಿದರು. ಅವುಗಳಲ್ಲಿ ಯು87 ಜಗತ್ಪ್ರಸಿದ್ಧವಾಯಿತು. 1969ರಲ್ಲಿ ಕೋಪನ್‌ಹೇಗನ್ನಿನಲ್ಲಿ, ರೋಗನಿರೋಧಕ ಶಕ್ತಿಯು ಕುಂಠಿತವಾದ ಬೋಳುಮೈಯ ಇಲಿಗಳಲ್ಲಿ ಮಾನವನ ಅರ್ಬುದವನ್ನು ನೆಟ್ಟು ಬೆಳೆಸಬಹುದೆಂಬುದು ಸಿದ್ಧವಾದ ಮೇಲಂತೂ, ಮನುಷ್ಯನ ಮಿದುಳ ಗೆಡ್ಡೆಯೂ ಇಲಿಯ ಮಿದುಳಿನಲ್ಲಿ ಬೆಳೆಯತೊಡಗಿತು. ಆದರೆ ಯು87 ಕೋಶಗಳು ಅಲ್ಲಿ ದುಂಡಗಿನ, ಸ್ಪಷ್ಟ ಅಂಚುಳ್ಳ ಗೆಡ್ಡೆಯಾಗಿ ಬೆಳೆದವೇ ಹೊರತು ಸುತ್ತಲಿನ ಅಂಗಾಂಶದೊಳಕ್ಕೆ ನುಸುಳಲಿಲ್ಲ. ಯಾವ ಗುಣದಿಂದ ಈ ವ್ಯಾಧಿಯು ಅಸಾಧ್ಯವೆನಿಸಿತ್ತೋ ಆ ಗುಣವೇ ಮಾದರಿಯಲ್ಲಿ ಲುಪ್ತವಾಗಿತ್ತು. ಸಾಲದೆಂಬಂತೆ, ಲೋಕದ ಪ್ರಯೋಗಶಾಲೆಗಳಿಗೆಲ್ಲ ವಿತರಣೆಯಾಗುತ್ತಿದ್ದ ಯು87ರ ಡಿಎನ್ಎ, ಉಪ್ಸಾಲದ ಮೂಲ ರೋಗಿಯ ಅಂಗಾಂಶದೊಡನೆ ಹೊಂದುವುದಿಲ್ಲವೆಂದು 2016ರಲ್ಲಿ ಬಯಲಾಯಿತು.

ಇತ್ತ ಚಲನೆಯನ್ನು ಅಳೆಯುವ ಉಪಾಯಗಳೂ ಬೆಳೆಯುತ್ತಿದ್ದವು. ರಕ್ತದ ಬಿಳಿಯ ಕೋಶಗಳಿಗಾಗಿ 1962ರಲ್ಲಿ ಸ್ಟೀಫನ್ ಬಾಯ್ಡನ್ ರಚಿಸಿದ, ರಂಧ್ರಮಯವಾದ ಪೊರೆಯಿಂದ ಎರಡು ಭಾಗವಾದ ಕೋಣೆಯನ್ನು ಅರ್ಬುದದ ಅಭ್ಯಾಸಿಗಳು ತಮ್ಮದಾಗಿಸಿಕೊಂಡರು. ಪೊರೆಯ ಮೇಲೆ ಮ್ಯಾಟ್ರಿಜೆಲ್ ಎಂಬ ಲೋಳೆಯನ್ನು ಹರವಿ, ಅದನ್ನು ಕೊರೆದು ಕೆಳಗಿಳಿದ ಕೋಶಗಳನ್ನು ಎಣಿಸಿದರು. ವಿಧಾನವು ಸುಲಭ, ಫಲಿತಾಂಶವು ಸ್ಪಷ್ಟ. ಆದರೆ ಇಲಿಯ ಒಂದು ಅರ್ಬುದದಿಂದ ತೆಗೆದ ಆ ಲೋಳೆಯಲ್ಲಿ ಲ್ಯಾಮಿನಿನ್, ಕೊಲಾಜೆನ್‌ಗಳೇ ಪ್ರಧಾನವಾಗಿದ್ದು, ಮಿದುಳಿನಲ್ಲಿ ಕೋಶಗಳ ನಡುವಣ ಎಡೆಯನ್ನು ತುಂಬಿರುವುದು ಮುಖ್ಯವಾಗಿ ಹಯಲುರಾನಿಕ್ ಆಮ್ಲ. ಈ ಕೊರತೆಯನ್ನು ನೀಗುವ ಹೆಜ್ಜೆಯನ್ನು ನಾರ್ವೆಯ ಬರ್ಗೆನ್‌ನಲ್ಲಿ ರೊಲ್ಫ್ ಬ್ಯೆರ್ಕ್‌ವಿಗ್ ಮತ್ತು ಸಹೋದ್ಯೋಗಿಗಳು 1980ರ ದಶಕದಲ್ಲಿ ಇಟ್ಟರು: ಅರ್ಬುದದ ಕೋಶಗಳ ಪುಟ್ಟ ಉಂಡೆಯನ್ನು ಇಲಿಯ ಭ್ರೂಣದ ಮಿದುಳಕೋಶಗಳ ಉಂಡೆಗೆ ತಾಗಿಸಿ, ಮೊದಲನೆಯದು ಎರಡನೆಯದನ್ನು ಆಕ್ರಮಿಸುವ ಬಗೆಯನ್ನು ಅವರು ಕಂಡರು.

1991ರಲ್ಲಿ ಸ್ಟೊಪ್ಪಿನಿ ಮತ್ತು ಸಂಗಡಿಗರು ಮಿದುಳಿನ ತೆಳುವಾದ ಹೋಳನ್ನು ಪೊರೆಯೊಂದರ ಮೇಲೆ, ಕೆಳಗೆ ಪೋಷಕ ದ್ರವವೂ ಮೇಲೆ ಗಾಳಿಯೂ ತಾಗುವಂತೆ ಇರಿಸಿ, ವಾರಗಟ್ಟಲೆ ಜೀವಂತವಾಗಿ ಉಳಿಸುವ ವಿಧಾನವನ್ನು ಪ್ರಕಟಿಸಿದ ತರುವಾಯ, ಶೆರರ್ ಅವರು ಮೃತ ಮಿದುಳಿನಲ್ಲಿ ಊಹಿಸಿದ್ದ ದಾರಿಗಳಲ್ಲಿ ಕೋಶಗಳು ನಡೆಯುವುದನ್ನು ಕಣ್ಣಾರೆ ಕಾಣುವುದು ಸಾಧ್ಯವಾಯಿತು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪೀಟರ್ ಕ್ಯಾನೊಲ್ ಮತ್ತು ಸಂಗಡಿಗರು 2006ರಲ್ಲಿ ವರ್ಣಿಸಿದ ದೃಶ್ಯವು ಇಲ್ಲಿ ಸ್ಮರಣೀಯ. ರಕ್ತನಾಳವನ್ನು ಅಪ್ಪಿಕೊಂಡ ಕೋಶವು ಮುಂದಕ್ಕೊಂದು ನೀಳವಾದ ಚಾಚನ್ನು ನೀಡಿ, ಹಿಂದೆ ಉಳಿದ ಕೋಶಕೇಂದ್ರವನ್ನು ಒಮ್ಮೆಗೇ ಸೆಳೆದುಕೊಂಡು, ತುಸು ತಡೆದು ಪುನಃ ಮುಂದುವರಿಯುತ್ತದೆ. ನಾಳವು ಕವಲೊಡೆಯುವೆಡೆಯಲ್ಲಿ ನಿಂತು ಎರಡಾಗಿ ಒಡೆಯುತ್ತದೆ. ಆಮೇಲೆ ಮರಿಕೋಶಗಳೆರಡೂ ಮತ್ತೆ ಸಂಚಾರಕ್ಕೆ ತೊಡಗುತ್ತವೆ. ಕೋಶಕೇಂದ್ರಕ್ಕಿಂತ ಕಿರಿದಾದ ಎಡೆಗಳಲ್ಲಿ ಅದನ್ನು ಹಿಂಡಿ ದಾಟಿಸಲು, ಸ್ನಾಯುಗಳ ಸಂಕೋಚನಕ್ಕೂ ಕಾರಣವಾದ ಮಯೋಸಿನ್ ಎಂಬ ಪ್ರೋಟೀನಿನ ವರ್ಗವೇ ಬೇಕೆಂದು ಅದೇ ತಂಡವು 2008ರಲ್ಲಿ ತೋರಿಸಿತು. ಸಮತಲವಾದ ತಟ್ಟೆಯಲ್ಲಿ ಈ ಇಕ್ಕಟ್ಟೇ ಇಲ್ಲದಿರುವುದರಿಂದ ಅಲ್ಲಿ ಈ ಸಂಗತಿ ಗೋಚರಿಸುವಂತಿರಲಿಲ್ಲ.

ಕೋಶಗಳನ್ನು ಬೆಳೆಸುವ ಕ್ರಮವೂ ಅದೇ ಕಾಲದಲ್ಲಿ ಬದಲಾಯಿತು. ರಕ್ತಸಾರದಲ್ಲಿ ಬೆಳೆಸಿದ ಕೋಶಗಳು ಮೂಲ ಅರ್ಬುದದ ಸ್ವಭಾವವನ್ನು ಕಳೆದುಕೊಳ್ಳುತ್ತವೆಂದೂ, ರಕ್ತಸಾರವಿಲ್ಲದೆ, ನರಸಂಬಂಧಿ ಕಾಂಡಕೋಶಗಳಿಗೆ ಒಗ್ಗುವ ದ್ರವದಲ್ಲಿ ಬೆಳೆಸಿದವು ಅದನ್ನು ಉಳಿಸಿಕೊಂಡು ಇಲಿಯ ಮಿದುಳಿನಲ್ಲಿ ರೋಗಿಯಲ್ಲಿದ್ದಂತೆಯೇ ಹರಡುತ್ತವೆಂದೂ ಹೊವರ್ಡ್ ಫೈನ್ ಅವರ ತಂಡವು 2006ರಲ್ಲಿ ತೋರಿಸಿಕೊಟ್ಟಿತು. ದಶಕಗಳ ಕಾಲ ಮಾದರಿಯನ್ನು ಕೆಡಿಸಿದ್ದು, ಯಾರೂ ಶಂಕಿಸದಿದ್ದ ಪೋಷಕ ದ್ರವವೇ.

ತರುವಾಯ ಭೌತವಿಜ್ಞಾನಿಗಳೂ ಕೈಜೋಡಿಸಿದರು. ಗ್ಲಯೋಮಾ ಕೋಶಗಳ ನಡೆಯು ತಳದ ಗಡಸುತನವನ್ನು ಅವಲಂಬಿಸುತ್ತದೆಂದು ಬರ್ಕ್ಲಿಯ ಸಂಜಯ್ ಕುಮಾರ್ ಅವರ ತಂಡವು 2009ರಲ್ಲಿ ತೋರಿಸಿತು. 2014ರಲ್ಲಿ ರವಿ ಬೆಲ್ಲಂಕೊಂಡ ಮತ್ತು ಸಂಗಡಿಗರು, ನರತಂತುಗಳನ್ನು ಅನುಕರಿಸುವ ಸಾಲುಗೂಡಿದ ಸೂಕ್ಷ್ಮ ಎಳೆಗಳ ಮೂಲಕ ಅರ್ಬುದದ ಕೋಶಗಳನ್ನು ಇಲಿಯ ಮಿದುಳಿನಿಂದ ಹೊರಕ್ಕೆ, ವಿಷವನ್ನು ಬೆರೆಸಿದ ಲೋಳೆಯೊಳಕ್ಕೆ ಸೆಳೆದರು; ಪ್ರಸರಣದ ಜ್ಞಾನವೇ ಇಲ್ಲಿ ಚಿಕಿತ್ಸೆಯ ಉಪಾಯವಾಯಿತು.

2013ರಲ್ಲಿ ವಿಯೆನ್ನಾದ ಮ್ಯಾಡಲಿನ್ ಲ್ಯಾಂಕಾಸ್ಟರ್ ಮತ್ತು ಯುರ್ಗೆನ್ ಕ್ನೋಬ್ಲಿಷ್ ಅವರು ಕಾಂಡಕೋಶಗಳಿಂದ ಬೆಳೆಸಿದ ಆರ್ಗನಾಯ್ಡ್ ಎಂಬ ಪುಟ್ಟ ಮಿದುಳಿನ ಪ್ರತಿರೂಪವು, ಮಾನವಮೂಲದ ಅರ್ಬುದಕ್ಕೆ ಮಾನವಮೂಲದ ಕ್ಷೇತ್ರವನ್ನೇ ಒದಗಿಸಿತು. ರಕ್ತನಾಳಗಳೂ ರೋಗನಿರೋಧಕ ಕೋಶಗಳೂ ಇಲ್ಲದಿರುವುದು ಅದರ ನ್ಯೂನತೆ. 2015ರಲ್ಲಿ ಜರ್ಮನಿಯ ಹೈಡಲ್‌ಬರ್ಗಿನಲ್ಲಿ ಫ್ರಾಂಕ್ ವಿಂಕ್ಲರ್ ಅವರ ತಂಡವು, ಇಲಿಯ ತಲೆಬುರುಡೆಯಲ್ಲಿ ಕೂಡಿಸಿದ ಗಾಜಿನ ಕಿಟಕಿಯ ಮೂಲಕ ತಿಂಗಳುಗಟ್ಟಲೆ ನೋಡಿ, ಅರ್ಬುದದ ಕೋಶಗಳು ನೀಳವಾದ ನಾಳಗಳನ್ನು ಚಾಚಿ ಪರಸ್ಪರ ಜಾಲವಾಗಿ ಹೆಣೆದುಕೊಳ್ಳುತ್ತವೆಂದೂ, ಆ ಜಾಲವು ವಿಕಿರಣವನ್ನು ತಾಳಿಕೊಳ್ಳುತ್ತದೆಂದೂ ಕಂಡುಹಿಡಿಯಿತು. 2019ರಲ್ಲಿ ಹೈಡಲ್‌ಬರ್ಗ್ ಮತ್ತು ಸ್ಟ್ಯಾನ್‌ಫರ್ಡ್‌ಗಳಿಂದ, ನರಕೋಶಗಳು ಅರ್ಬುದದ ಕೋಶಗಳೊಡನೆ ನಿಜವಾದ ನರಸಂಧಿಗಳನ್ನು ರಚಿಸಿಕೊಂಡು ಅವುಗಳ ಬೆಳವಣಿಗೆಯನ್ನು ಪ್ರಚೋದಿಸುತ್ತವೆಂಬ ವಾರ್ತೆ ಬಂದಿತು. ಮಿದುಳು ಅರ್ಬುದಕ್ಕೆ ಬರಿಯ ಆವರಣವಲ್ಲ, ಸಹಭಾಗಿ ಎಂಬುದು ಈಗ ನಿರ್ವಿವಾದ.

ಬೆಂಗಳೂರಿನ ನಿಮ್ಹಾನ್ಸ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಗಳು ಜೊತೆಗೂಡಿ ರೋಗಿಗಳ ಅಂಗಾಂಶಗಳಿಂದ, ಗ್ಲಯೋಮಾದ ಅತ್ಯುಗ್ರ ಬಗೆಯಾದ ಗ್ಲಯೋಬ್ಲಾಸ್ಟೋಮಾದ ಜೀನುಗಳನ್ನು ಅಭ್ಯಸಿಸಿರುವುದು ನಮ್ಮ ನಾಡಿಗೂ ಈ ವಿದ್ಯೆಯಲ್ಲಿ ಪಾಲುಂಟೆಂಬುದಕ್ಕೆ ಸಾಕ್ಷಿ. ಇಷ್ಟೆಲ್ಲ ಶ್ರಮದ ಅಗತ್ಯವನ್ನು ಒಂದು ಅಂಕಿಯೇ ಹೇಳುತ್ತದೆ: 2005ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಲ್ಲಿ, ವಿಕಿರಣದೊಡನೆ ಟೆಮೊಜೊಲೊಮೈಡ್ ಎಂಬ ಔಷಧವನ್ನು ಕೂಡಿಸಿದಾಗ ರೋಗಿಗಳ ಮಧ್ಯಮ ಆಯುಸ್ಸು 12.1 ತಿಂಗಳಿಂದ 14.6 ತಿಂಗಳಿಗೆ ಮಾತ್ರ ಏರಿತು. ಯಾವ ಮಾದರಿಯೂ ಪೂರ್ಣವಲ್ಲ, ಯಾವುದೂ ನಿರರ್ಥಕವೂ ಅಲ್ಲ. ಒಂದೇ ಪ್ರೋಟೀನಿನ ಕಾರ್ಯವನ್ನು ತಿಳಿಯಲು ಬಾಯ್ಡನ್ನರ ಕೋಣೆ ಇಂದಿಗೂ ಸಾಕು. ಆದರೆ ಅರ್ಬುದವನ್ನು ಗೆದ್ದ ಔಷಧವೊಂದರ ವಾರ್ತೆ ಬಂದಾಗ, ಅದು ಗೆದ್ದದ್ದು ಅಂಚುಕಟ್ಟಿ ನಿಂತ ಗೆಡ್ಡೆಯನ್ನೋ, ಮಿದುಳಿನೊಡನೆ ಬೆರೆತು ಸಂಚರಿಸುವ ಕೋಶವನ್ನೋ ಎಂದು ನಾವು ಕೇಳಲೇಬೇಕು. ರೋಗಿಯ ಪ್ರಾಣಕ್ಕೆ ಎರವಾಗುವುದು ಎರಡನೆಯದಾದುದರಿಂದ, ಅದನ್ನು ಎದುರಿಸದ ಪರೀಕ್ಷೆಯಿಂದ ರೋಗಿಗೆ ಭರವಸೆ ಕೊಡುವುದು ನ್ಯಾಯವಲ್ಲ.