ಹಿತ್ತಲಿನಿಂದ ತಾರಸಿಗೆ: ಪಶ್ಚಿಮ ಬೆಂಗಳೂರಿನ ಕೈತೋಟದ ಕಥೆ

ಸೊಪ್ಪಿನ ಕಟ್ಟೊಂದನ್ನು ಕೊಳ್ಳುವಾಗ ನೀವು ಏನೇನು ನೋಡುತ್ತೀರಿ? ಎಲೆ ಹಸಿರಾಗಿದೆಯೇ, ಹುಳು ತಿಂದಿದೆಯೇ, ಬೇರಿನಲ್ಲಿ ಮಣ್ಣು ಎಷ್ಟಿದೆ ಎಂದು ನೋಡುತ್ತೀರಿ. ಬೆಲೆಯನ್ನಂತೂ ಕೇಳಿಯೇ ಕೇಳುತ್ತೀರಿ. ಆದರೆ ಅದು ಯಾವ ನೀರು ಕುಡಿದು ಬೆಳೆಯಿತು ಎಂದು ಎಂದಾದರೂ ಕೇಳಿದ್ದೀರಾ? ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳಲ್ಲಿ ವಾಸಿಸುವವರು ಈ ಪ್ರಶ್ನೆಯನ್ನು ಕೇಳಲೇಬೇಕು. ಏಕೆಂದರೆ ಇದು ವೃಷಭಾವತಿ ನದಿಯ ಕಣಿವೆ. ಇಲ್ಲಿ ಕೈತೋಟ ಹೇಗೆ ಬಂತು, ಹೇಗೆ ಮರೆಯಾಯಿತು, ಈಗ ತಾರಸಿಯ ಮೇಲೆ ಹೇಗೆ ಮತ್ತೆ ಕಾಣಿಸಿಕೊಂಡಿದೆ ಎಂಬುದನ್ನು ತಿಳಿದರೆ, ಹೊಸದಾಗಿ ತೋಟ ಮಾಡುವವರು ಯಾವ ಬೆಳೆಯಿಂದ ಆರಂಭಿಸಬೇಕು ಎಂಬುದಕ್ಕೂ ಉತ್ತರ ಸಿಗುತ್ತದೆ.

ಬೀಜ ಬಂದ ದಾರಿ

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಬೇಸಿಗೆ ಅತಿ ಉಗ್ರವಲ್ಲ, ಚಳಿಗಾಲದಲ್ಲಿ ಹಿಮ ಬೀಳುವುದಿಲ್ಲ. ವರ್ಷಕ್ಕೆ ಸರಾಸರಿ 970 ಮಿಲಿಮೀಟರ್‌ನಷ್ಟು ಮಳೆ ಬರುತ್ತದೆ. ಹೀಗಾಗಿ ಬಯಲುಸೀಮೆಯ ಬದನೆ, ಅವರೆಗಳ ಪಕ್ಕದಲ್ಲೇ ತಂಪು ದೇಶಗಳ ಕೋಸು, ಬೀನ್ಸ್‌ಗಳೂ ಇಲ್ಲಿ ಬೆಳೆಯುತ್ತವೆ. ಹಿಂದೆ ಪೇಟೆಯ ಸುತ್ತಲಿನ ಕೆರೆಗಳ ಕೆಳಗೆ ತಿಗಳರು ಮೊದಲಾದ ತೋಟಗಾರ ಸಮುದಾಯದವರು ಏತ, ಕಪಿಲೆಗಳಿಂದ ನೀರೆತ್ತಿ ಊರಿಗೆ ಬೇಕಾದ ಸೊಪ್ಪು ತರಕಾರಿಗಳನ್ನು ಬೆಳೆಯುತ್ತಿದ್ದರು.

1760ರಲ್ಲಿ ಹೈದರ್ ಅಲಿ ಆರಂಭಿಸಿದ ಲಾಲ್‌ಬಾಗ್ 1799ರ ನಂತರ ಬ್ರಿಟಿಷರ ಕೈಗೆ ಬಂತು. ಆಗ ಅದರ ಹೊಣೆ ಹೊತ್ತ ಬೆಂಜಮಿನ್ ಹೈನೆ ಎಂಬ ಸಸ್ಯವಿಜ್ಞಾನಿಗೆ ಸಿಕ್ಕ ಸೂಚನೆ ಗಮನಾರ್ಹವಾದುದು: ಅಪರೂಪದ ಅಥವಾ ಅಂದದ ಗಿಡಗಳಿಗಿಂತ ಉಪಯುಕ್ತ ಗಿಡಗಳಿಗೆ ಆದ್ಯತೆ ಕೊಡಬೇಕು ಎಂಬುದು. 1856ರಲ್ಲಿ ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನವಾಯಿತು. 1874ರಲ್ಲಿ ಬಂದು 1908ರವರೆಗೆ ಇಲ್ಲಿದ್ದ ಜಾನ್ ಕ್ಯಾಮರಾನ್ ಹೊರನಾಡಿನ ಹಲವು ಬೆಳೆಗಳನ್ನು ಇಲ್ಲಿ ಬೆಳೆಸಿ ನೋಡಿ ಹರಡಿದರು.

ಅವುಗಳಲ್ಲಿ ನಿಮಗೆ ಚೆನ್ನಾಗಿ ಗೊತ್ತಿರುವುದು ಸೀಮೆ ಬದನೆ. ಇದರ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ‘ಸೀಮೆ’ ಎಂದು ಸೇರಿಸಿ ನಾವು ಇದು ಪರದೇಶದ್ದೆಂದು ಹೇಳುತ್ತೇವೆ. ತಮಿಳರು ಇದನ್ನು ‘ಬೆಂಗಳೂರು ಕತ್ತಿರಿಕ್ಕಾಯ್’ ಎಂದೂ ತೆಲುಗರು ‘ಬೆಂಗಳೂರು ವಂಕಾಯ’ ಎಂದೂ ಕರೆಯುತ್ತಾರೆ. ಎರಡಕ್ಕೂ ಬೆಂಗಳೂರು ಬದನೆ ಎಂದೇ ಅರ್ಥ. ನಮಗೆ ಪರದೇಶಿಯಾದದ್ದು ನೆರೆಯವರಿಗೆ ಬೆಂಗಳೂರಿನದಾಯಿತು! ನಿಜಕ್ಕೂ ಇದು ಬದನೆಯ ಕುಲದ್ದಲ್ಲ, ಸೌತೆ ಕುಂಬಳಗಳ ಕುಟುಂಬದ ಬಳ್ಳಿ. ಕಾಯಿಯೊಳಗೆ ಒಂದೇ ಬೀಜವಿದ್ದು, ಅದು ಕಾಯಿಯೊಳಗೇ ಮೊಳೆಯುತ್ತದೆ. ಆದ್ದರಿಂದ ಇಡೀ ಕಾಯಿಯನ್ನೇ ನೆಡಬೇಕು. ಅಡುಗೆಮನೆಯಲ್ಲಿ ಮರೆತು ಬಿಟ್ಟ ಸೀಮೆ ಬದನೆಯ ತುದಿಯಲ್ಲಿ ಮೊಳಕೆ ಇಣುಕುವುದನ್ನು ನೀವೇ ಕಂಡಿರಬಹುದು.

ಸ್ವಾತಂತ್ರ್ಯಾನಂತರ ಬೀಜದ ಕೆಲಸ ಸಂಶೋಧನಾ ಸಂಸ್ಥೆಗಳಿಗೆ ಬಂತು. 1964ರಲ್ಲಿ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾನಿಲಯ, 1967ರಲ್ಲಿ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಆರಂಭವಾದವು. ಹೆಸರಘಟ್ಟದ ‘ಅರ್ಕಾ ಅನಾಮಿಕ’ ಎಂಬ ಬೆಂಡೆ ತಳಿಯನ್ನು ಉದಾಹರಣೆಗೆ ನೋಡಿ. ಬೆಂಡೆಗೆ ಹಳದಿ ನರ ರೋಗ ತರುವ ವೈರಸ್ಸನ್ನು ತಾಳಿಕೊಳ್ಳುವ ಗುಣವನ್ನು ಅದಕ್ಕೆ ಕೊಟ್ಟದ್ದು ಬೆಂಡೆಯ ಒಂದು ಕಾಡು ಬಂಧು. ಮಾಗಡಿ ರಸ್ತೆಯ ಆಚೆಯ ಹೊಲಗಳಿಂದ ಬರುವ ಸೊಗಡಿನ ಅವರೆಯದು ಇನ್ನೊಂದು ಕಥೆ. ಅದನ್ನು ಯಾವ ತಿಂಗಳು ಬಿತ್ತಿದರೂ ಹಗಲು ಗಿಡ್ಡವಾಗುವವರೆಗೆ ಹೂ ಬಿಡುವುದಿಲ್ಲ. ಹೆಬ್ಬಾಳದ ವಿಜ್ಞಾನಿಗಳು ಹಗಲಿನ ಉದ್ದಕ್ಕೆ ಕಾಯದೆ ಹೂ ಬಿಡುವ ‘ಹೆಬ್ಬಾಳ ಅವರೆ’ ತಳಿಗಳನ್ನು ರೂಪಿಸಿದರು. ಬೇಸಿಗೆಯಲ್ಲಿ ಸಿಗುವ ಅವರೆಕಾಯಿಯ ಹಿಂದಿನ ಗುಟ್ಟು ಇದು.

ಹಿತ್ತಲು ಇದ್ದ ಕಾಲ

ಬೆಂಗಳೂರು ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ ಸ್ಥಾಪನೆಯಾದದ್ದು 1945ರಲ್ಲಿ. ಆ ದಶಕದ ಕೊನೆಯಿಂದ ರಾಜಾಜಿನಗರ, ಬಳಿಕ ವಿಜಯನಗರ, ಬಸವೇಶ್ವರನಗರಗಳು ರೂಪುಗೊಂಡವು. ಅದಕ್ಕೂ ಮುಂಚೆ ಅಲ್ಲಿದ್ದವು ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಅಗ್ರಹಾರ ದಾಸರಹಳ್ಳಿ, ಹೊಸಹಳ್ಳಿ, ಅತ್ತಿಗುಪ್ಪೆಯಂಥ ಹಳ್ಳಿಗಳು. ಇವುಗಳ ಹೆಸರು ಬಡಾವಣೆ, ಬಸ್ ನಿಲ್ದಾಣ, ಮೆಟ್ರೊ ನಿಲ್ದಾಣಗಳಲ್ಲಿ ಇಂದಿಗೂ ಉಳಿದಿದೆ. ಹೊಲಗಳು ನಿವೇಶನಗಳಾದವು. ಆದರೂ ಮೊದಲ ತಲೆಮಾರಿನ ಮನೆಗಳಲ್ಲಿ ಹಿತ್ತಲು ಇತ್ತು. ಒಂದು ತೆಂಗು, ಒಂದು ನುಗ್ಗೆ, ಕರಿಬೇವು, ಗೋಡೆಗೆ ಹಬ್ಬಿದ ಬಸಳೆ, ಬಚ್ಚಲ ನೀರು ಹರಿಯುವಲ್ಲಿ ಬಾಳೆ, ಕೆಸು, ದೊಡ್ಡಪತ್ರೆ. ಇಷ್ಟಿದ್ದರೆ ಸಾರಿಗೂ ತಂಬುಳಿಗೂ ಅಂಗಡಿಗೆ ಓಡಬೇಕಿರಲಿಲ್ಲ.

ಈ ಹಿತ್ತಲಿನ ರಸಾಯನಶಾಸ್ತ್ರವನ್ನು ಗಮನಿಸಿ. ಅಂದಿನ ಬಚ್ಚಲ ನೀರಿನಲ್ಲಿ ಹೆಚ್ಚಾಗಿ ಇದ್ದದ್ದು ಸೀಗೆಪುಡಿ, ಕಡಲೆಹಿಟ್ಟು, ಪಾತ್ರೆ ಉಜ್ಜಿದ ಬೂದಿ. ಬೂದಿಯಲ್ಲಿ ಗಿಡಕ್ಕೆ ಬೇಕಾದ ಪೊಟ್ಯಾಸಿಯಂ ಇದೆ. ಇಂದಿನ ಬಟ್ಟೆ ತೊಳೆಯುವ ಮಾರ್ಜಕಗಳಲ್ಲಿ ಸೋಡಿಯಂ ಲವಣಗಳು ಹೇರಳವಾಗಿವೆ. ಸೋಡಿಯಂ ಹೆಚ್ಚಾದರೆ ಜೇಡಿಯ ಕಣಗಳು ಒಂದಕ್ಕೊಂದು ಅಂಟಿಕೊಂಡಿರದೆ ಚದುರುತ್ತವೆ, ಮಣ್ಣಿನ ರಂಧ್ರಗಳು ಕಟ್ಟಿಕೊಳ್ಳುತ್ತವೆ, ನೀರು ಇಂಗುವುದಿಲ್ಲ. ಅಜ್ಜಿ ಬಚ್ಚಲ ನೀರನ್ನು ಗಿಡಕ್ಕೆ ಬಿಡುತ್ತಿದ್ದರು ಎಂದು ನಾವು ಬಟ್ಟೆ ಯಂತ್ರದ ನೀರನ್ನು ಬಿಟ್ಟರೆ ಗಿಡ ಸೊರಗುವುದು ಇದರಿಂದ. ಬಚ್ಚಲು ಅದೇ ಆದರೂ ನೀರು ಅದಲ್ಲ.

ಹಿತ್ತಲು ಹೋದದ್ದು ನಮ್ಮ ಸೋಮಾರಿತನದಿಂದಲ್ಲ. ಮೂವತ್ತು ನಲವತ್ತು ಅಡಿಯ ನಿವೇಶನದಲ್ಲಿ ಕುಟುಂಬ ಬೆಳೆಯಿತು, ನೆಲದ ಬೆಲೆ ಏರಿತು. ಹಿತ್ತಲು ಇದ್ದಲ್ಲಿ ಬಾಡಿಗೆಯ ಮನೆ ಎದ್ದಿತು, ಅಂಗಳದಲ್ಲಿ ನೀರಿನ ಸಂಪು ಬಂತು, ಉಳಿದ ನೆಲಕ್ಕೆ ಸಿಮೆಂಟ್ ಬಿತ್ತು.

ನೀರು ಬಂತು, ನದಿ ಕೆಟ್ಟಿತು

ಈಗ ನೀರಿನ ಕಥೆಗೆ ಬರೋಣ. 1890ರ ದಶಕದಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ನಗರಕ್ಕೆ ಕೊಳವೆ ನೀರು ಬಂತು. 1974ರಲ್ಲಿ ಕಾವೇರಿಯ ಮೊದಲ ಹಂತದ ನೀರು ತಲುಪಿತು. ಮನೆಮನೆಗೆ ನಲ್ಲಿ ಬಂದದ್ದು ದೊಡ್ಡ ಸಾಧನೆಯೇ ಸರಿ. ಆದರೆ ಎಂಜಿನಿಯರರ ಒಂದು ಲೆಕ್ಕ ಇದೆ: ಮನೆಗೆ ಪೂರೈಸಿದ ನೀರಿನಲ್ಲಿ ಸುಮಾರು ಶೇಕಡ 80ರಷ್ಟು ಕೊಳಚೆಯಾಗಿ ಹೊರಹೋಗುತ್ತದೆ. ನೂರು ಲೀಟರ್ ತಂದರೆ ಎಂಬತ್ತು ಲೀಟರನ್ನು ಎಲ್ಲಿಗೋ ಕಳಿಸಬೇಕು. ಪಶ್ಚಿಮ ಬೆಂಗಳೂರಿನ ಇಳಿಜಾರು ಅದನ್ನು ಕಳಿಸಿದ್ದು ವೃಷಭಾವತಿಗೆ.

ಬಸವನಗುಡಿಯ ಬಸವನ ಪಾದದಲ್ಲಿ ಹುಟ್ಟುತ್ತದೆಂದು ಪ್ರತೀತಿ ಇರುವ ಈ ನದಿ ಮೈಸೂರು ರಸ್ತೆಯ ಗಾಳಿ ಆಂಜನೇಯ ದೇವಸ್ಥಾನದ ಬಳಿ ಹಾದು, ಕೆಂಗೇರಿ, ಬಿಡದಿಗಳ ಕಡೆ ಹರಿದು ಅರ್ಕಾವತಿಯನ್ನು ಸೇರುತ್ತದೆ. ಮನೆಗಳ ಕೊಳಚೆಯ ಜೊತೆಗೆ ಕಾರ್ಖಾನೆಗಳ, ಲೋಹಲೇಪನದ ಸಣ್ಣ ಘಟಕಗಳ ತ್ಯಾಜ್ಯವೂ ಇದಕ್ಕೆ ಬಿತ್ತು. ಶುದ್ಧೀಕರಣ ಘಟಕಗಳು ಬಂದವು. ಆದರೂ ಶುದ್ಧಿಯಾಗದ ಕೊಳಚೆ ನದಿಯನ್ನು ಸೇರುವುದು ನಿಲ್ಲಲಿಲ್ಲ.

ಕೆಳಗಿನ ರೈತರ ಸ್ಥಿತಿಯನ್ನು ಊಹಿಸಿಕೊಳ್ಳಿ. ಬೇಸಿಗೆಯಲ್ಲೂ ಬತ್ತದ ನೀರು, ಅದರಲ್ಲಿ ಪುಕ್ಕಟೆಯಾಗಿ ಸಾರಜನಕ, ರಂಜಕ. ಸೊಪ್ಪು ಸೊಂಪಾಗಿ ಬೆಳೆಯಿತು. ಜೊತೆಗೆ ಬಂದದ್ದು ರೋಗಾಣುಗಳು ಮತ್ತು ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕ್ಕೆಲ್‌ನಂಥ ಲೋಹಗಳು. ಈ ಕಣಿವೆಯ ನೀರು, ಮಣ್ಣು, ತರಕಾರಿಗಳಲ್ಲಿ ಭಾರ ಲೋಹಗಳಿರುವುದನ್ನು ಹಲವು ಅಧ್ಯಯನಗಳು ತೋರಿಸಿವೆ. ಬಿಡದಿ ಬಳಿಯ ಬೈರಮಂಗಲ ಕೆರೆಯ ಅಚ್ಚುಕಟ್ಟಿನಲ್ಲಿ ಭತ್ತ ಬೆಳೆಯುತ್ತಿದ್ದ ಅನೇಕರು ಮೇವಿನ ಹುಲ್ಲು, ಬೇಬಿ ಕಾರ್ನ್‌ಗೆ ಬದಲಾಗಬೇಕಾಯಿತು. ಇದರಲ್ಲಿ ರೈತರನ್ನು ದೂರುವುದು ನ್ಯಾಯವಲ್ಲ. ಅವರ ಕಾಲುವೆಗೆ ಹರಿದದ್ದು ನಮ್ಮ ಮನೆಯ ನೀರು.

ಇಲ್ಲಿ ಸಸ್ಯವಿಜ್ಞಾನದ ಒಂದು ಅಂಶ ಮುಖ್ಯ. ಬೇರು ಹೀರಿದ ಕ್ಯಾಡ್ಮಿಯಂ ನೀರಿನೊಡನೆ ಎಲೆಗೆ ಏರುತ್ತದೆ. ನೀರು ಆವಿಯಾಗಿ ಹೋದರೂ ಲೋಹ ಎಲೆಯಲ್ಲೇ ಉಳಿಯುತ್ತದೆ. ಆದ್ದರಿಂದ ಸಾಮಾನ್ಯವಾಗಿ ಟೊಮೇಟೊ, ಹುರುಳಿಕಾಯಿಯಂಥ ಕಾಯಿಗಳಿಗಿಂತ ಸೊಪ್ಪಿನಲ್ಲಿ ಇದರ ಸಂಗ್ರಹ ಹೆಚ್ಚು. ನೆಲಕ್ಕೆ ಹತ್ತಿರವಿರುವ ಎಲೆಗೆ ರೋಗಾಣುಗಳು ಅಂಟುವುದೂ ಸುಲಭ. ರೋಗಾಣುಗಳನ್ನು ತೊಳೆದು ಬೇಯಿಸಿ ಕಳೆಯಬಹುದು. ಒಳಗೆ ಸೇರಿದ ಲೋಹ ತೊಳೆದರೂ ಬೇಯಿಸಿದರೂ ಹೋಗದು.

ತಾರಸಿಗೆ ಏರಿದ ತೋಟ

ನೆಲ ಕಳೆದುಕೊಂಡ ಮನೆಗಳಿಗೆ ಉಳಿದದ್ದು ಬಿಸಿಲು ಬೀಳುವ ತಾರಸಿ. ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಯಾಗಿದ್ದ ಡಾ. ಬಿ.ಎನ್. ವಿಶ್ವನಾಥ್ 1990ರ ದಶಕದಿಂದ ಬೆಂಗಳೂರಿನಲ್ಲಿ ಸಾವಯವ ತಾರಸಿ ತೋಟದ ತರಬೇತಿಗಳನ್ನು ನಡೆಸಿದರು. 2011ರಲ್ಲಿ ಆರಂಭವಾದ ‘ಊಟ ಫ್ರಂ ಯುವರ್ ತೋಟ’ ಎಂಬ ಮೇಳಗಳು ಬೀಜ, ಗೊಬ್ಬರ, ಅನುಭವಗಳ ವಿನಿಮಯಕ್ಕೆ ವೇದಿಕೆಯಾದವು.

ಆದರೆ ಲೆಕ್ಕ ಹಾಕದೆ ತಾರಸಿಗೆ ಮಣ್ಣು ಹೊರಬೇಡಿ. ಒಂದು ಲೀಟರ್ ಒದ್ದೆ ಮಣ್ಣು ಸುಮಾರು 1.7 ಕಿಲೋಗ್ರಾಂ ತೂಗುತ್ತದೆ. ತಾರಸಿಯ ಮೇಲೆ ಒಂದಡಿ ಮಣ್ಣು ಹರಡಿದರೆ ಪ್ರತಿ ಚದರ ಮೀಟರಿಗೆ 500 ಕಿಲೋಗ್ರಾಂ ಮೀರುತ್ತದೆ. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕದಲ್ಲಿ ಲೆಕ್ಕ ಹಿಡಿಯುವ ಹೊರೆ ಸುಮಾರು 150 ಕಿಲೋಗ್ರಾಂ ಮಾತ್ರ. ಆದ್ದರಿಂದ ಮಣ್ಣು ಹರಡದೆ ಕುಂಡಗಳನ್ನು ಬಳಸಿ. ಮಣ್ಣಿಗೆ ತೆಂಗಿನ ನಾರಿನ ಪುಡಿ ಮತ್ತು ಕಳಿತ ಗೊಬ್ಬರವನ್ನು ಸಮಪಾಲು ಬೆರೆಸಿ ಹಗುರ ಮಾಡಿ. ಕುಂಡಗಳನ್ನು ಗೋಡೆ, ತೊಲೆಗಳ ಮೇಲೆ ಬರುವಂತೆ ಅಂಚಿನ ಉದ್ದಕ್ಕೆ ಬಿಡಿಬಿಡಿಯಾಗಿ ಇಡಿ.

ಮೊದಲು ಸೊಪ್ಪು

ಹತ್ತು ಕುಂಡಗಳಿಂದ ಮನೆಗೆ ಬೇಕಾದ ತರಕಾರಿಯೆಲ್ಲ ಬರುತ್ತದೆಯೇ? ಇಲ್ಲ. ದಿನಕ್ಕೆ ತಲೆಗೆ 300 ಗ್ರಾಂ ಎಂದರೂ ನಾಲ್ವರ ಮನೆಗೆ ತಿಂಗಳಿಗೆ 36 ಕಿಲೋಗ್ರಾಂ ಬೇಕು. ಆದ್ದರಿಂದ ಕೋಸು, ಟೊಮೇಟೊಗಳ ಆಸೆ ಮೊದಲಿಗೆ ಬೇಡ. ಕಣಿವೆಯ ಕಥೆ ಹೇಳುವಂತೆ, ನೀರಿನ ದೋಷ ಹೆಚ್ಚಾಗಿ ಸೇರುವುದು ಸೊಪ್ಪಿಗೆ. ಬೇಗ ಬೆಳೆಯುವುದೂ, ಕಡಿಮೆ ಖರ್ಚಿನದೂ, ಕಡಿಮೆ ಆರೈಕೆಯದೂ ಸೊಪ್ಪೇ. ಹೊಸಬರು ಅದರಿಂದಲೇ ಆರಂಭಿಸಲಿ.

ಅಡುಗೆಮನೆಯ ಡಬ್ಬಿಯ ಮೆಂತ್ಯವೇ ಮೊದಲ ಬೀಜವಾಗಲಿ. ಹತ್ತು ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ನಾಲ್ಕೈದು ದಿನಗಳಲ್ಲಿ ಎಂಟಾದರೂ ಮೊಳೆತರೆ ಬಿತ್ತಲು ಯೋಗ್ಯ. ಇದನ್ನು ತರಗತಿಯಲ್ಲಿಯೂ ಮಾಡಿಸಬಹುದು. ಮೆಂತ್ಯ ಮೂರು ನಾಲ್ಕು ವಾರಗಳಲ್ಲಿ, ಹರಿವೆ ನಾಲ್ಕೈದು ವಾರಗಳಲ್ಲಿ ಕೊಯ್ಲಿಗೆ ಬರುತ್ತದೆ. ಕೊತ್ತಂಬರಿಗೆ ಇನ್ನೂ ಸ್ವಲ್ಪ ತಡ. ನಾವು ಕೊತ್ತಂಬರಿ ಬೀಜ ಎನ್ನುವುದು ವಾಸ್ತವವಾಗಿ ಎರಡು ಬೀಜಗಳಿರುವ ಕಾಯಿ. ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಿ. ಬಸಳೆ, ದೊಡ್ಡಪತ್ರೆಗಳಿಗೆ ಬೀಜವೇ ಬೇಡ, ನೆರೆಮನೆಯಿಂದ ಒಂದು ಕಡ್ಡಿ ತಂದರೆ ಸಾಕು.

ಕುಂಡಕ್ಕೆ ಹಳೆಯ ಬಕೆಟ್, ಎಣ್ಣೆ ಡಬ್ಬ ಏನಾದರೂ ಆಗುತ್ತದೆ. ತಳದಲ್ಲಿ ತೂತು ಇರಲೇಬೇಕು. ನೀರು ನಿಂತರೆ ಬೇರಿಗೆ ಆಮ್ಲಜನಕ ಸಿಗದೆ ಗಿಡ ಕೊಳೆಯುತ್ತದೆ. ಮಣ್ಣನ್ನು ರಸ್ತೆಯಂಚಿನಿಂದ, ಮೋರಿಯ ಬದಿಯಿಂದ, ರಾಜಕಾಲುವೆಯ ಹೂಳಿನಿಂದ ತರಬೇಡಿ. ಪೆಟ್ರೋಲಿಗೆ ಸೀಸ ಬೆರೆಸುವುದು ನಮ್ಮ ದೇಶದಲ್ಲಿ 2000ದಲ್ಲಿ ನಿಂತರೂ ಅದುವರೆಗೆ ರಸ್ತೆ ಬದಿಯಲ್ಲಿ ಬಿದ್ದ ಸೀಸ ಮಣ್ಣಿನಲ್ಲಿ ಬಹುಕಾಲ ಉಳಿಯುತ್ತದೆ. ನೀರಿಗೆ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಸಾಕು. ಹತ್ತು ಕುಂಡಗಳಿಗೆ ದಿನಕ್ಕೆ ಎಂಟು ಹತ್ತು ಲೀಟರ್ ಬೇಕಾದೀತು. ಸಾಧ್ಯವಾದರೆ ಮಳೆನೀರು ಹಿಡಿಯಿರಿ. 30×40 ಅಡಿಯ ನಿವೇಶನದ ಮೇಲೆ ವರ್ಷಕ್ಕೆ ಬೀಳುವ ಮಳೆ ಒಂದು ಲಕ್ಷ ಲೀಟರಿಗೂ ಹೆಚ್ಚು.

ಹೀಗೆ ಮಾಡಿದರೆ ವೃಷಭಾವತಿ ಶುದ್ಧವಾಗುವುದಿಲ್ಲ. ಅದು ನಗರವೆಲ್ಲ ಸೇರಿ ಮಾಡಬೇಕಾದ ಕೆಲಸ. ಆದರೆ ತಾನು ಬಿತ್ತಿದ ಮೆಂತ್ಯಕ್ಕೆ ಯಾವ ನೀರು ಹಾಕಬಹುದು, ಯಾವುದನ್ನು ಹಾಕಬಾರದು ಎಂದು ಒಮ್ಮೆ ಯೋಚಿಸಿದ ವಿದ್ಯಾರ್ಥಿ, ಮೋರಿಗೆ ಸುರಿಯುವ ಬಕೆಟ್ಟಿನ ಬಗ್ಗೆಯೂ ಯೋಚಿಸುತ್ತಾನೆ. ಕೆಂಗೇರಿಯ ಕೆಳಗೆ ಅದೇ ನೀರಿನಲ್ಲಿ ಇನ್ನೊಬ್ಬರ ಸೊಪ್ಪು ಬೆಳೆಯುತ್ತಿದೆ ಎಂಬುದು ಅವನಿಗೆ ಈಗ ಗೊತ್ತು.