ಬಾರ್ ಬಿಟ್ಟು ಫೋನ್ ಹಿಡಿದವರು

1935ರ ಮೇ ತಿಂಗಳು. ಅಮೆರಿಕದ ಅಕ್ರನ್ ಊರಿನ ಹೋಟೆಲ್ಲಿನಲ್ಲಿ ಬಿಲ್ ವಿಲ್ಸನ್ ಒಬ್ಬರೇ ಇದ್ದರು. ಕುಡಿತ ಬಿಟ್ಟು ಐದೇ ತಿಂಗಳು. ಬಂದ ವ್ಯವಹಾರ ಕೈಕೊಟ್ಟಿತ್ತು, ಅಲ್ಲೇ ಬಾರ್ ಕಾಣುತ್ತಿತ್ತು. ಅವರು ಒಳಗೆ ಹೋಗದೆ ಚರ್ಚುಗಳಿಗೆ ಫೋನ್ ಮಾಡಿ, ಮಾತಾಡಲು ತನ್ನಂಥ ಕುಡುಕರೊಬ್ಬರು ಬೇಕು ಎಂದರು. ಹಾಗೆ ಸಿಕ್ಕವರು ಸರ್ಜನ್ ಡಾ. ಬಾಬ್ ಸ್ಮಿತ್. ಇಬ್ಬರೂ ಗಂಟೆಗಟ್ಟಲೆ ಮಾತಾಡಿದರು. ಬಾಬ್ ಕೊನೆಯ ಸಲ ಕುಡಿದ ಜೂನ್ 10ನ್ನೇ ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ., ಹುಟ್ಟಿದ ದಿನ ಎನ್ನುತ್ತಾರೆ.

ಅಲ್ಲಿ ಶುಲ್ಕವಿಲ್ಲ, ಹೆಸರು ಗುಟ್ಟಾಗಿರುತ್ತದೆ. ನಮ್ಮಲ್ಲಿ ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರ ಮುಗಿಸಿದವರು ನವಜೀವನ ಸಮಿತಿಗಳಲ್ಲಿ ಸೇರುವುದೂ ಇಂಥದ್ದೇ ದಾರಿ. ಬಿಟ್ಟವರ ಮಾತು ಬಿಡಬೇಕೆನ್ನುವವರಿಗೆ ನಾಟುತ್ತದೆ. ನೆರವು ಎಲ್ಲಿದೆ ಎಂದು ತಿಳಿಯಲು 14446ಕ್ಕೆ ಉಚಿತವಾಗಿ ಕರೆ ಮಾಡಿ. ಕೇಳಲು ನಾಚಿಕೆ ಬೇಡ.